ಹೊಳೆದಂಡೆಯ ಮೌನಕ್ಕೆ ನಿರಾಕ್ಷೇಪಣಾ ಪತ್ರ ಕೋರಿ

ಇಂದ,
ತೂ ಪೆಯ್-ಲಿಂಗ್,
ಸ್ನಾತಕೋತ್ತರ ವಿದ್ಯಾರ್ಥಿನಿ (ಪದವಿಯನ್ನು ತಡೆಹಿಡಿಯಲಾಗಿದೆ),
ಬೊಂಡಾಸ್ ಮೀನಿನ ಸಾರಿನಂಗಡಿಯ ತೂ ಅವರ ಮನೆ, ರಾತ್ರಿ ಸಂತೆಯ ಹಿಂದಿನ ಓಣಿ,
ಚಿಯಾಯಿ, ತೈವಾನ್.

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಜೋಡಿ ಕೊಕ್ಕರೆ ಆಟ ತಂತ್ರಾಂಶ ಸಂಸ್ಥೆ,
ತೈಪೆ.

ದಿನಾಂಕ: ಗಣರಾಜ್ಯದ ನೂರನೇ ವರ್ಷ (ಕ್ರಿ.ಶ. 2011), ಆರನೇ ತಿಂಗಳು.

ವಿಷಯ: ತಮ್ಮ ಹಳೆಯ ಕಂಪ್ಯೂಟರ್ ಆಟವಾದ 'ಜೊಂಡಿನ ದಂಡೆಯ ಕತ್ತಿ'ಯಲ್ಲಿ ಹಿನ್ನೆಲೆ ಸಂಗೀತ ಕೇಳಿಸದಿದ್ದ ಬಗ್ಗೆ, ತದನಂತರ ಕೇಳಿಸಿದ ಬಗ್ಗೆ, ಹಾಗೂ ಕೇಳಿಸದೆ ಇದ್ದುದರ ಒಡೆತನದ ಬಗ್ಗೆ.

ಉಲ್ಲೇಖ:
1. 'ಸಂಗೀತ ಬರುತ್ತಿಲ್ಲ' ಎಂದು ನಾನು ಸಲ್ಲಿಸಿದ್ದ ದೂರು.
2. 'ಪುಟ್ಟ ಮೋಡ' ಎಂಬ ಹೆಸರಿನಲ್ಲಿ ತಮ್ಮ ವಿಭಾಗದಿಂದ ಬಂದ ಉತ್ತರಗಳು (ಪ್ರತಿಯೊಂದರ ಕೊನೆಗೂ ನಗುವ ಮುಖದ ಚಿತ್ರವಿದೆ).
3. ವಿಶ್ವವಿದ್ಯಾಲಯದ ಪರೀಕ್ಷಾ ಸಮಿತಿಯ ಪತ್ರ (ಚಿತ್ರವಿಲ್ಲ).

ಮಾನ್ಯರೇ,

ಉಲ್ಲೇಖಿತ ದೂರನ್ನು ನಾನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ಅದರ ಜಾಗದಲ್ಲಿ ಬೇರೊಂದು ಬೇಡಿಕೆಯನ್ನು ಮಂಡಿಸುತ್ತಿದ್ದೇನೆ. ಎರಡರ ನಡುವೆ ನಡೆದದ್ದನ್ನು ಬರೆಯದಿದ್ದರೆ ಬೇಡಿಕೆ ಹುಚ್ಚಿನಂತೆ ಕಾಣುತ್ತದೆ. ಬರೆದರೂ ಕಾಣಬಹುದು. ಆದರೂ ವಿವರ ಹೀಗಿದೆ:

1. ನಾನು ಹತ್ತು ವರ್ಷದವಳಿದ್ದಾಗಿನಿಂದ ತಮ್ಮ ಆಟವನ್ನು ಆಡುತ್ತ ಬಂದಿದ್ದೇನೆ. ಅದರಲ್ಲಿ ಕತ್ತಿಗೆ ಕತ್ತಿ ತಾಗುವ ಸದ್ದಿತ್ತು, ಒಣ ಎಲೆಯ ಮೇಲೆ ಹೆಜ್ಜೆಯ ಸದ್ದಿತ್ತು, ಹೊಳೆಯ ಸದ್ದಿತ್ತು. ಬೇರೇನೂ ಇರಲಿಲ್ಲ. ಕೊನೆಯ ದೃಶ್ಯದಲ್ಲಿ ಗುರು ದಂಡೆಯ ಮೇಲೆ ಸಾಯುತ್ತಾನೆ. ಶಿಷ್ಯೆ ಪಕ್ಕದಲ್ಲಿ ನಿಲ್ಲುತ್ತಾಳೆ. ಯಾರೂ ಮಾತಾಡುವುದಿಲ್ಲ. ನಾವು ಒಂದು ಕೀಲಿ ಒತ್ತುವವರೆಗೆ ಅವಳು ಹಾಗೆಯೇ ನಿಂತಿರುತ್ತಾಳೆ, ನೀರು ಹರಿಯುತ್ತಿರುತ್ತದೆ. ಆ ಕೀಲಿಯನ್ನು ಒತ್ತದೆ ನಾನು ನನ್ನ ಬಾಲ್ಯದ ಬಹುಪಾಲು ಹಗಲುಗಳನ್ನು ಕಳೆದಿದ್ದೇನೆ. ಜಗತ್ತಿನಲ್ಲಿ ಒಬ್ಬರಾದರೂ ದುಃಖದ ಹತ್ತಿರ ಸುಮ್ಮನಿರಲು ಬಲ್ಲರು ಎಂಬ ನಂಬಿಕೆ ನನಗೆ ಬಂದದ್ದು ಅಲ್ಲಿಂದ. ಆ ಒಬ್ಬರು ತಮ್ಮ ಸಂಸ್ಥೆ ಎಂದುಕೊಂಡಿದ್ದೆ.

2. ಈ ಕಾರಣದಿಂದ ನಾನು 'ನುಡಿಯದ ದಂಡೆ: ಒಂದು ಆಟದಲ್ಲಿ ಮೌನದ ನೀತಿ' ಎಂಬ ಪ್ರಬಂಧ ಬರೆದೆ. ಅದು ಇಟ್ಟಿಗೆಯಷ್ಟು ದಪ್ಪವಿದೆ. ಆಟದ ಡಬ್ಬಿಯ ಮೇಲೆ 'ಮನ ಕಲಕುವ ಮಧುರ ರಾಗಗಳು' ಎಂದು ತಾವು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿರುವುದನ್ನು ನಾನು ಗಮನಿಸದೆ ಬಿಟ್ಟಿಲ್ಲ. ಅದನ್ನು 'ಸದ್ದಿನ ಮಾರುಕಟ್ಟೆಯನ್ನು ಅಣಕಿಸುವ ಸೂಕ್ಷ್ಮ ವ್ಯಂಗ್ಯ' ಎಂದು ಒಂದು ಉದ್ದನೆಯ ಅಡಿಟಿಪ್ಪಣಿಯಲ್ಲಿ ವಿವರಿಸಿದ್ದೇನೆ. ನನ್ನ ಮಾರ್ಗದರ್ಶಕರಾದ ಪ್ರೊ. ಲೈ ಆ ಅಡಿಟಿಪ್ಪಣಿಯನ್ನು ಬಹಳ ಮೆಚ್ಚಿದರು. ಅವರು ಆಟ ಆಡಿದವರಲ್ಲ.

3. ಹೊಸ ಯಂತ್ರದಲ್ಲಿ ಆಡಿದರೆ ಮೂಲಕೃತಿಯ ಶುದ್ಧತೆ ಕೆಡುತ್ತದೆಂದು, ಊರಿನ ಮನೆಗೆ ಹೋಗಿ ಬಂದು, ಅಪ್ಪ ಕೊಡಿಸಿದ ಹಳೆಯ ಕಂಪ್ಯೂಟರಿನಲ್ಲೇ ಅಧ್ಯಯನ ನಡೆಸಿದೆ. ಅಂತರ್ಜಾಲದಲ್ಲಿ ಇತರ ಆಟಗಾರರ ಹರಟೆಯನ್ನು ಓದಲಿಲ್ಲ, ಗದ್ದಲ ನನಗೆ ಆಗದು. ಈ ಎರಡು ನಿರ್ಧಾರಗಳಿಗೆ 'ಸಂಶೋಧನಾ ವಿಧಾನ' ಎಂದು ಹೆಸರು.

4. ಮೌಖಿಕ ಪರೀಕ್ಷೆಯ ದಿನ ನಾನು ಕೊನೆಯ ದೃಶ್ಯದ ಮೌನವನ್ನು ಕುರಿತು ಮಾತಾಡುತ್ತಿದ್ದಾಗ ಹೊರಗಿನ ಪರೀಕ್ಷಕರಾದ ಪ್ರೊ. ಶಿ ಕೈ ಎತ್ತಿದರು.

"ಒಂದು ನಿಮಿಷಮ್ಮ. ಯಾವ ಮೌನ?"

"ಗುರು ಸಾಯುವಾಗಿನದು ಸರ್."

"ಅಲ್ಲಿ ಪಿಟೀಲು ಕೊಯ್ತಾನೇ ಇರುತ್ತಲ್ಲಮ್ಮ! ನಮ್ಮ ಎರಡು ತಂತಿ ಪಿಟೀಲು. ನಾನು ಕಡ್ಡಾಯ ಸೈನ್ಯದ ಡ್ಯೂಟಿಲಿದ್ದಾಗ ರಜಕ್ಕೆ ಬಂದು ಅದನ್ನ ಕೇಳಿ ಅತ್ತಿದ್ದೀನಿ, ಗೊತ್ತಾ?"

ಹೀಗೆಂದು ಅವರು ಕಣ್ಣು ಮುಚ್ಚಿ ಆ ರಾಗವನ್ನು ಗುನುಗಿದರು. ಪಕ್ಕದ ಸದಸ್ಯರು ಮೇಜು ತಟ್ಟಿದರು. ಪುಕ್ಕಟೆ ಊಟದ ಡಬ್ಬಿಗಾಗಿ ಬಂದು ಹಿಂದೆ ಕೂತಿದ್ದ ವಿದ್ಯಾರ್ಥಿಗಳು ಎರಡನೇ ಚರಣವನ್ನು ಸಾಮೂಹಿಕವಾಗಿ ಎತ್ತಿಕೊಂಡರು. ಕಚೇರಿಯ ಹೆಂಗಸು ರಾಗ ಕೇಳಿ ಕಸದ ಚೀಲ ಹಿಡಿದು ಬಾಗಿಲಲ್ಲಿ ಇಣುಕಿ, "ಏನ್ರೀ, ಕಸದ ಗಾಡಿ ಬಂತಾ?" ಎಂದು ಕೇಳಿದಳು. ನನ್ನ ಪೀಳಿಗೆಯ ತೈವಾನಿಗರಲ್ಲಿ ಆ ರಾಗ ತಿಳಿಯದ ಏಕೈಕ ವ್ಯಕ್ತಿ, ಅದರ ಗೈರುಹಾಜರಿಯ ಮೇಲೆ ಪ್ರಬಂಧ ಬರೆದು ಅವರ ಮುಂದೆ ನಿಂತಿದ್ದಳು.

ಪ್ರೊ. ಲೈ ನನ್ನ ಕಿವಿಯ ಹತ್ತಿರ ಬಂದು, "ಸಂಗೀತ ಇತ್ತೇನಮ್ಮ?" ಎಂದರು.

"ಗೊತ್ತಿಲ್ಲ ಸರ್."

"ಮುನ್ನುಡಿಲಿ ನಾನು ಮೌನ ಮೌನ ಅಂತ ಎಷ್ಟು ಸಲ ಬರೆದಿದ್ದೀನಿ ಮಾರಾಯ್ತಿ!"

ಪ್ರೊ. ಶಿ ಕೆಟ್ಟವರಲ್ಲ. ಹೋಗುವಾಗ "ನಿನ್ನ ಸ್ಪೀಕರ್ ಕೆಟ್ಟಿತ್ತೇನೋ, ಒಂದ್ಸಲ ನೋಡಿಸಮ್ಮ" ಎಂದು ಭುಜ ತಟ್ಟಿದರು. ಆ ದಯೆಯಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

5. ಆ ವಾರವೇ ಉಲ್ಲೇಖ 3ರ ಪತ್ರ ಬಂತು: 'ಸದರಿ ಮೌನವು ಕರ್ತೃವಿನ ಉದ್ದೇಶವೋ ಅಥವಾ ಯಂತ್ರದ ದೋಷವೋ ಎಂಬುದನ್ನು ತಿಂಗಳ ಕೊನೆಯೊಳಗೆ ದಾಖಲೆ ಸಹಿತ ಸ್ಥಾಪಿಸತಕ್ಕದ್ದು. ದೋಷವೆಂದಾದಲ್ಲಿ ಪ್ರಬಂಧವನ್ನು ತಿರಸ್ಕರಿಸಲಾಗುವುದು.'

6. ಆದ್ದರಿಂದ ತಮಗೆ ದೂರು ಸಲ್ಲಿಸಿದೆ. ಪುಟ್ಟ ಮೋಡ ಅವರು ಸ್ಪೀಕರಿನ ಗುಂಡಿ ಒತ್ತಲಾಗಿದೆಯೇ ಎಂದು ಕೇಳಿದರು. ಒತ್ತಲಾಗಿತ್ತು. ಸದ್ದನ್ನು ಹೆಚ್ಚಿಸಲು ಹೇಳಿದರು. ಮನೆಯವರಿಲ್ಲದಾಗ ಹೆಚ್ಚಿಸಿದೆ, ಕತ್ತಿಯ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಆಟವನ್ನು ಅಳಿಸಿ ಮತ್ತೆ ಹಾಕಲು ಹೇಳಿದರು. ಅಳಿಸುವಾಗ ನನ್ನ ಬಾಲ್ಯದಿಂದ ಉಳಿಸಿಟ್ಟಿದ್ದ ಆಟಗಳೆಲ್ಲ ಅಳಿದವು, ಇದನ್ನು ದೂರೆಂದು ಪರಿಗಣಿಸಬಾರದು. ಅನಂತರ, ಯಂತ್ರ ಹೇಳಿದ ಮಾತು ಕೇಳಲೆಂದು ನಾವೆಲ್ಲ ಅದರ ನೆತ್ತಿಯ ಮೇಲಿಡುವ ತೆಂಗಿನ ಕುರುಕಲಿನ ಹಸಿರು ಪೊಟ್ಟಣವನ್ನು ಇಡಲಾಗಿದೆಯೇ, ಅದು ಹಳದಿಯಲ್ಲ ತಾನೆ, ಅದರ ಅವಧಿ ಮೀರಿಲ್ಲ ತಾನೆ ಎಂದು ವಿಚಾರಿಸಿದರು. ಹೊಸ ಪೊಟ್ಟಣ ತಂದು ಇಟ್ಟೆ. ಯಂತ್ರ ಎಂದಿನಂತೆ ಸಭ್ಯವಾಗಿ ವರ್ತಿಸಿತು. ಸಂಗೀತ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅವರು ಹೀಗೆ ಬರೆದರು: 'ಅಕ್ಕ, ಆ ಕಾಲದ ಕಂಪ್ಯೂಟರಲ್ಲಿ ಸಿ.ಡಿ. ಓದುವ ಪೆಟ್ಟಿಗೆಗೂ ಸೌಂಡ್ ಕಾರ್ಡಿಗೂ ನಡುವೆ ಒಂದು ತೆಳ್ಳನೆ ತಂತಿ ಇರುತ್ತೆ. ನಮ್ಮ ಆಟದ ಸಂಗೀತ ಅದರ ಮೂಲಕ ಬರುತ್ತೆ. ಅದು ಇಲ್ಲದಿದ್ರೆ ಕತ್ತಿ, ನೀರು ಎಲ್ಲ ಕೇಳುತ್ತೆ, ಸಂಗೀತ ಒಂದು ಕೇಳಲ್ಲ. ಡಬ್ಬಿ ಬಿಚ್ಚಿ ನೋಡಿ.'

7. ನೋಡಿದೆ. ಮತ್ತೆ ಬೆಳಗಿನ ರೈಲಿಗೆ ಊರಿಗೆ ಹೋದಾಗ ಅಪ್ಪ ಅಮ್ಮ ಮಲಗಿದ್ದರು. ರಾತ್ರಿ ಸಂತೆಯಲ್ಲಿ ಅಂಗಡಿ ಇಡುವವರ ಮನೆಯಲ್ಲಿ ಹಗಲೆಂದರೆ ಪರದೆ ಎಳೆದ ಕೋಣೆ, ತುದಿಗಾಲಿನ ನಡಿಗೆ. ನಾನು ಬೆಳೆದದ್ದು ಆ ಒಂದೇ ಕೋಣೆಯಲ್ಲಿ, ಅವರ ಮಂಚದ ಕಾಲ ಬಳಿ ಇಟ್ಟ ಕಂಪ್ಯೂಟರಿನ ಮುಂದೆ. ಸ್ಕ್ರೂ ತಿರುಗಿಸಿ ಪೆಟ್ಟಿಗೆಯ ಪಕ್ಕವನ್ನು ತೆಗೆದೆ. ತಂತಿ ಇತ್ತು. ಅದರ ಒಂದು ತುದಿ ತನ್ನ ಜಾಗದಲ್ಲಿತ್ತು. ಇನ್ನೊಂದು ತುದಿಯನ್ನು ಯಾರೋ ಕಿತ್ತು, ಅಂದವಾಗಿ ಮಡಚಿ, ಕೆಂಪು ರಬ್ಬರಿನಿಂದ ಬಿಗಿದಿದ್ದರು. ಸಾರಿನ ಪೊಟ್ಟಣಕ್ಕೆ ಹಾಕುವ ಸುತ್ತು ಅದು, ಕೊನೆಗೆ ಒಂದು ಕುಣಿಕೆ ಬಿಟ್ಟು.

ಸ್ಕ್ರೂ ನೆಲಕ್ಕೆ ಬಿದ್ದ ಸದ್ದಿಗೆ ಅಮ್ಮ ಎದ್ದಳು.

"ಏನೇ ಅದು ಟಣಟಣ, ಹಗಲುಹೊತ್ತಲ್ಲಿ?"

"ಅಮ್ಮ, ಇದನ್ನ ಕಟ್ಟಿದ್ದು ಯಾರು?"

"ಇನ್ಯಾರು, ನಿಮ್ಮಪ್ಪ. ಆ ಕೈಗೆ ಬೇರೆ ಗಂಟು ಎಲ್ಲಿ ಬರುತ್ತೆ?"

ಅಪ್ಪ ಬನಿಯನ್ನಿನಲ್ಲಿ ಎದ್ದು ಕೂತ. "ಆ-ಲಿಂಗ್, ಊಟ ಆಯ್ತಾ?"

"ಅಪ್ಪ, ಆಟದಲ್ಲಿ ಸಂಗೀತ ಇತ್ತು."

"ಹೂಂ. ಇತ್ತು."

"ನೀನು ಕಿತ್ತೆ."

"ಕಿತ್ತೆ." ಚಪ್ಪಲಿ ಹುಡುಕುತ್ತ, "ಟರ್ಕಿ ಕೋಳಿ ಅನ್ನ ತರ್ಲಾ?"

ಉಳಿದದ್ದನ್ನು ಅಮ್ಮನೇ ಹೇಳಿದಳು. "ಅಂಗಡಿ ಹುಡುಗ ತಂದು ಜೋಡಿಸಿ ಆಟ ಹಾಕಿ ತೋರಿಸಿದ. ನೀನು ಸ್ಕೂಲಲ್ಲಿದ್ದೆ. ಕುಯ್ಯೋ ಅಂತ ಶುರುವಾಯ್ತು ನೋಡು, ಮುಗಿಯೋದೇ ಇಲ್ಲ! ರಾತ್ರಿಯೆಲ್ಲ ನಿಂತು ಬಂದಿದ್ದೀವಿ. ವಾಪಸ್ ತಗೊಂಡು ಹೋಗಪ್ಪ ಇದನ್ನ ಅಂದೆ. ನಿಮ್ಮಪ್ಪ ಬಿಡ್ಲಿಲ್ಲ. ಮಗೂಗೆ ಮಾತು ಕೊಟ್ಟಿದ್ದೀನಿ, ಬಾಜಾ ಬಜಂತ್ರಿದು ಯಾವ ತಂತಿ ಹೇಳು ಅಂತ ಅವನನ್ನೇ ಕೇಳಿ ಕಿತ್ತರು."

"ಸ್ಪೀಕರನ್ನೇ ಬಂದ್ ಮಾಡಬಹುದಿತ್ತಲ್ಲ?"

"ಪೂರ್ತಿ ಬಾಯಿ ಮುಚ್ಚಿಸಿದ್ರೆ ಆಟ ಕೆಟ್ಟೋಗಿದೆ ಅಂತ ಅಳ್ತಿದ್ದೆ," ಎಂದ ಅಪ್ಪ. "ಕತ್ತಿ ಸದ್ದು ಇರಲಿ, ಆಡೋದಕ್ಕೆ ಬೇಕಾಗುತ್ತೆ ಅಂದೆ. ಹೆಜ್ಜೆ ಸದ್ದೂ ಇರಲಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಕೇಳಿದ್ಲು ಕಣ್ರೀ," ಎಂದಳು ಅಮ್ಮ. "ಯಾಕಪ್ಪ ಇಷ್ಟು ನಿಶ್ಶಬ್ದ ಅಂತ. ಇದು ದೊಡ್ಡೋರ ಆಟ, ದೊಡ್ಡೋರ ಆಟದಲ್ಲಿ ಹಾಡಿರಲ್ಲ ಅಂದ್ರಿ. ಅವತ್ತು ಇವಳು ಓಣಿಲೆಲ್ಲ ಮೂಗು ಮೇಲೆ ಮಾಡ್ಕೊಂಡು ತಿರುಗಿದ್ದೇ ತಿರುಗಿದ್ದು! ಇನ್ನೂ ಇಳಿದಿಲ್ಲ."

ಅಪ್ಪ ನಾನು ಕೊಟ್ಟ ಸಮಿತಿಯ ಪತ್ರವನ್ನು ಕೈಯಲ್ಲಿ ಹಿಡಿದು ನೋಡಿದ. "ಪದವಿ ಹೋಗುತ್ತಾ?"

"ಹೋಗಬಹುದು."

"ನಾನು ಬಂದು ಹೇಳ್ಲಾ ಆ ಮೇಷ್ಟ್ರುಗಳಿಗೆ? ನಿದ್ದೆ ಬರ್ತಿತ್ತು, ಅದಕ್ಕೆ ಕಿತ್ತೆ ಅಂತ?"

8. ಅನಂತರ ತಂತಿಯನ್ನು ಜೋಡಿಸಿ, ಪ್ರೊ. ಶಿ ಅವರ ಶಿಷ್ಯನೊಬ್ಬನಿಂದ ತರಿಸಿಕೊಂಡಿದ್ದ ಉಳಿಸಿದ ಆಟವನ್ನು ಹಾಕಿ, ಕೊನೆಯ ದೃಶ್ಯ ತೆರೆದೆ. ತಮ್ಮ ಸಂಗೀತ ಬಂತು. ಅದು ಚೆನ್ನಾಗಿದೆ ಎಂದು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ಎಲ್ಲಿ ಅಳಬೇಕೋ ಅಲ್ಲಿ ಅದು ಮೊದಲೇ ಅಳುತ್ತದೆ, ಕೇಳುವವರಿಗೆ ಶ್ರಮವಿಲ್ಲ.

ಅಪ್ಪ ಮಂಚದ ಅಂಚಿನಲ್ಲಿ ಕೂತು ನೋಡಿದ. ಅವನು ಆ ದೃಶ್ಯವನ್ನು ನೋಡಿದ್ದು ಅದೇ ಮೊದಲು.

"ಚೆನ್ನಾಗೇ ಇದೆ ಕಣೇ," ಎಂದ. ಆಮೇಲೆ, "ನೀರು ಎಲ್ಲಿ ಹೋಯ್ತು?"

"ಇದೆಯಪ್ಪ. ಪಿಟೀಲಿನ ಕೆಳಗೆ ಮುಚ್ಚಿಹೋಗಿದೆ."

"ಅಯ್ಯೋ, ಅದೇ ಅಲ್ವಾ ಚೆನ್ನಾಗಿದ್ದದ್ದು! ನೀನು ಏನೂ ಒತ್ತದೆ ಹಂಗೇ ಬಿಡ್ತಿದ್ದೆಯಲ್ಲ, ನೀರು ಹರೀತಾನೇ ಇರ್ತಿತ್ತು. ಪಾಪ, ನಾವು ಮಲಗ್ಲಿ ಅಂತ ಹುಡುಗಿ ಕಾಯ್ತಾಳೆ ಅಂದ್ಕೋತಿದ್ದೆ. ಆ ಸದ್ದಿಗೇ ನಂಗೆ ನಿದ್ದೆ ಹತ್ತುತ್ತಿದ್ದದ್ದು."

ನಾನು ಅವರು ಮಲಗಲೆಂದು ಕಾದವಳಲ್ಲ. ಸತ್ತ ಗುರುವಿನ ಪಕ್ಕ ನಿಂತಿದ್ದೆ. ಮಂಚ ನನ್ನ ಬೆನ್ನ ಹಿಂದಿತ್ತು. ಅತ್ತ ಒಮ್ಮೆಯೂ ತಿರುಗಿ ನೋಡಿದ ನೆನಪಿಲ್ಲ. ಈ ಅಂಶವನ್ನು ಅಪ್ಪನಿಗೆ ತಿಳಿಸುವ ಅಗತ್ಯ ಕಂಡುಬರಲಿಲ್ಲ. ತಂತಿಯನ್ನು ಮತ್ತೆ ಕಿತ್ತು, ರಬ್ಬರ್ ಸುತ್ತಿ, ಪೂರ್ವಸ್ಥಿತಿಗೆ ತರಲಾಯಿತು.

9. ಇಷ್ಟರಲ್ಲಿ ಪುಟ್ಟ ಮೋಡ ಅವರು, ಹದಿನೈದನೇ ವಾರ್ಷಿಕೋತ್ಸವದ ವಿಶೇಷ ಆವೃತ್ತಿಯನ್ನು ಕೊಂಡರೆ 'ಸಂಗೀತರಹಿತ ಆವೃತ್ತಿಯನ್ನೂ ಸಂಸ್ಥೆ ಆಗ ಹೊರತಂದಿತ್ತು' ಎಂದು ಮುದ್ರೆ ಒತ್ತಿದ ಪತ್ರ ಕೊಡಿಸುವುದಾಗಿ ತಿಳಿಸಿದ್ದಾರೆ. ಪದವಿಗೆ ಅಷ್ಟು ಸಾಕು. ಪ್ರೊ. ಲೈ ಕೂಡ "ತಗೊಂಡುಬಿಡಮ್ಮ, ನನ್ನ ಮುನ್ನುಡಿನೂ ಉಳಿಯುತ್ತೆ" ಎಂದು ಸಲಹೆ ನೀಡಿದ್ದಾರೆ. ಆದರೆ ಹಾಗೆ ಮಾಡಿದಲ್ಲಿ ಆ ಮೌನವು ತಮ್ಮದಾಗುತ್ತದೆ. ವಿಶೇಷ ಆವೃತ್ತಿಯ ಡಬ್ಬಿಯ ಮೇಲೆ ಅದನ್ನೂ ಕೆಂಪಕ್ಷರದಲ್ಲಿ ಅಚ್ಚು ಹಾಕಿಸಲು ತಾವು ಹಿಂಜರಿಯಲಾರಿರಿ. ಈ ಕಾರಣದಿಂದ ಆ ಪತ್ರವನ್ನು ನಿರಾಕರಿಸಿದ್ದೇನೆ.

10. ಸಮಿತಿ ಕೇಳಿರುವುದು ಎರಡೇ: ಕರ್ತೃವಿನ ಉದ್ದೇಶವೋ, ಯಂತ್ರದ ದೋಷವೋ. ಯಂತ್ರದಲ್ಲಿ ದೋಷವಿರಲಿಲ್ಲ. ಯಾವ ಸದ್ದು ಇರಬೇಕು, ಯಾವುದು ಬೇಡ ಎಂದು ಒಬ್ಬ ಮನುಷ್ಯ ನಿಂತು ಯೋಚಿಸಿದ್ದಾನೆ. ಉದ್ದೇಶವಿದೆ, ಸಾಕ್ಷಿಯಿದೆ, ಕರ್ತೃ ಜೀವಂತವಿದ್ದಾನೆ. ಹೀಗಾಗಿ ಪ್ರಬಂಧದಲ್ಲಿ ತಮ್ಮ ಸಂಸ್ಥೆಯ ಹೆಸರಿದ್ದ ಕಡೆಗಳಲ್ಲೆಲ್ಲ 'ತೂ ಜಿನ್-ಶುಯ್, ಬೊಂಡಾಸ್ ಸಾರು, ಚಿಯಾಯಿ' ಎಂದು ಅಪ್ಪನ ಹೆಸರು ಹಾಕಿ ತಿದ್ದಿ ಮರುಸಲ್ಲಿಸಲು ತೀರ್ಮಾನಿಸಿದ್ದೇನೆ. ಸಮಿತಿ ಒಪ್ಪುತ್ತದೆಂಬ ಭರವಸೆ ನನಗಿಲ್ಲ. ಪ್ರೊ. ಲೈ ಮುನ್ನುಡಿಯನ್ನು ಹಿಂಪಡೆದಿದ್ದಾರೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟೆ. 'ನಮ್ಮ ಆಟದ ಕೊನೆಯ ದೃಶ್ಯದಲ್ಲಿ ಚಿಯಾಯಿಯ ಮೇಲ್ಕಂಡ ಮನೆಯಲ್ಲಿ ಇದ್ದ ಮೌನವನ್ನು ನಾವು ತಯಾರಿಸಿಲ್ಲ, ಅದು ನಮಗೆ ಹೊಳೆದೂ ಇರಲಿಲ್ಲ, ಅದರ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಅದನ್ನು ಅದರ ಕರ್ತೃವಿನ ಹೆಸರಿನಲ್ಲಿ ಬಳಸಲು ನಮ್ಮ ಆಕ್ಷೇಪಣೆಯಿಲ್ಲ' ಎಂದು ಮುದ್ರೆ ಸಹಿತ ಒಂದು ಪತ್ರವನ್ನು ತಿಂಗಳ ಕೊನೆಯೊಳಗೆ ದಯಪಾಲಿಸಬೇಕು. ನಗುವ ಮುಖದ ಚಿತ್ರ ಅಗತ್ಯವಿಲ್ಲ.

ತಮ್ಮ ವಿಶ್ವಾಸಿ
(ಸಂಗೀತದ ವಿಷಯ ಹೊರತುಪಡಿಸಿ),
ತೂ ಪೆಯ್-ಲಿಂಗ್

ಲಗತ್ತುಗಳು:
ಅ. ಪೆಟ್ಟಿಗೆಯೊಳಗಿನ ತಂತಿಯ ಛಾಯಾಚಿತ್ರ, ರಬ್ಬರಿನ ಗಂಟು ಕಾಣುವಂತೆ.
ಆ. ಕರ್ತೃವಿನ ಹೇಳಿಕೆ, 'ನಿದ್ದೆ ಬರುತ್ತಿತ್ತು', ಸಹಿ ಸಹಿತ.
ಇ. ಹೇಳಿಕೆ ನಿಜವೆಂದು ಕರ್ತೃವಿನ ಪತ್ನಿಯ ದೃಢೀಕರಣ. ಅದರಲ್ಲಿ ನನ್ನ ಮೂಗಿನ ಬಗ್ಗೆ ಇರುವ ಸಾಲನ್ನು ಕಡೆಗಣಿಸುವುದು.
ಈ. ತೆಂಗಿನ ಕುರುಕಲಿನ ಹಸಿರು ಪೊಟ್ಟಣ ಒಂದು, ತಮ್ಮ ವಿಭಾಗದ ಯಂತ್ರಗಳಿಗಾಗಿ.

ವಿ.ಸೂ.: ಉತ್ತರವನ್ನು ಅಂಚೆಯಲ್ಲಿ ಕಳುಹಿಸಬಹುದು. ದೂರವಾಣಿಯಾದರೆ ಸಂಜೆ ನಾಲ್ಕರ ಮೇಲೆ ಮಾಡುವುದು. ಅದಕ್ಕೂ ಮೊದಲು ಮನೆಯಲ್ಲಿ ಮಲಗಿರುತ್ತಾರೆ, ನಾನು ಎತ್ತುವುದಿಲ್ಲ.