ಕಾಂಫ್ರಿ ಎಣ್ಣೆಯೂ ಇಪ್ಪತ್ತೆರಡು ಬಿಳಿ ಅಂಗಿಯೂ

ಆ ಡಾಕ್ಟರನ್ನು ಕಂಡರೆ ನನಗೆ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡ ಹೆಂಡತಿಯನ್ನು ಕರೆದುಕೊಂಡು ಹೋದರೆ, ಆ ಮನುಷ್ಯ ಕೈಯನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಒರೆಸಿಕೊಂಡು, ಮೂಳೆಗೇನೂ ಆಗಿಲ್ಲ, ಹತ್ತು ದಿನ ಕೈಗೆ ರೆಸ್ಟ್ ಕೊಡಿ ಅಂದರು. ಅಷ್ಟೇ! ಇಷ್ಟು ಹೇಳೋದಕ್ಕೆ ಅಷ್ಟು ವರ್ಷ ಓದಬೇಕಿತ್ತೆ?

"ರೆಸ್ಟ್ ತಗೊಳ್ಳಿ ಅನ್ನೋಕೆ ಡಾಕ್ಟರ್ ಯಾಕೆ ಬೇಕು? ನಮ್ಮನೆ ಮಂಚಕ್ಕೂ ಗೊತ್ತು" ಅಂತ ಮನೆ ಮುಟ್ಟುವವರೆಗೂ ಹಂಗಿಸಿದೆ.

ಹೆಂಡತಿ ನಗಲಿಲ್ಲ. ಅವಳು ಟೈಲರ್. ಶಾಲೆಯ ಹಾಡಿನ ತಂಡಕ್ಕೆ ಇಪ್ಪತ್ತೆರಡು ಬಿಳಿ ಅಂಗಿ ಒಪ್ಪಿಕೊಂಡಿದ್ದಳು. ಕಾರ್ಯಕ್ರಮಕ್ಕೆ ಉಳಿದಿದ್ದು ಮೂರೇ ವಾರ. ಇವು ಚೆನ್ನಾಗಿ ಬಂದರೆ ಮುಂದಿನ ವರ್ಷದಿಂದ ಇಡೀ ಶಾಲೆಯ ಯೂನಿಫಾರ್ಮು ನಿಮ್ಮದೇ, ಇಲ್ಲವಾದರೆ ದೊಡ್ಡ ಅಂಗಡಿಗೆ ಹೋಗುತ್ತೇವೆ ಅಂತ ಸಂಗೀತದ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು. ನಾನು ರೆಸ್ಟ್ ತಗೊಂಡರೆ ಅಂಗಿ ಯಾರು ಹೊಲೀತಾರೆ ಅನ್ನುವಾಗ ಅವಳ ಕಣ್ಣು ತುಂಬಿತ್ತು. ನನ್ನ ಎದೆ ಉಬ್ಬಿತು. ನಾನಿಲ್ವಾ ಅಂದೆ. ಹೊಲಿಯೋದಕ್ಕಲ್ಲ, ವಾಸಿ ಮಾಡೋದಕ್ಕೆ!

ನಾನು ನೀರು ಸರಬರಾಜು ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತ. ನನ್ನ ಕಪಾಟುಗಳ ಕಡೆ ಯಾರೂ ತಲೆಹಾಕುವುದಿಲ್ಲವಾದ್ದರಿಂದ, ಮೊಬೈಲಿನಲ್ಲಿ ವೈದ್ಯಶಾಸ್ತ್ರವನ್ನು ಅರೆದು ಕುಡಿದಿದ್ದೇನೆ. ಅಲ್ಲಿ ಸಿಕ್ಕಿತು ಕಾಂಫ್ರಿ ಸೊಪ್ಪು. ಅಗಲವಾದ, ಒರಟಾದ, ಮೈತುಂಬ ರೋಮವಿರುವ ಎಲೆ. ಎಣ್ಣೆಯಲ್ಲಿ ನೆನೆಹಾಕಿ, ಸೋಸಿ, ನೋವಿರುವ ಕಡೆ ಮೇಲೆ ಹಚ್ಚಿದರೆ ಉಳುಕು ಮಂಗಮಾಯ ಅಂತ ಬರೆದಿತ್ತು. ಬರೆದವರು ಯಾರೋ ಏನೋ, ಅದನ್ನು ಮಾತ್ರ ನಾನು ಕೇಳಲಿಲ್ಲ.

ನರ್ಸರಿಯವನು ಒಂದು ಹೊರೆ ಸೊಪ್ಪು ಕೊಟ್ಟ. ಕೊಟ್ಟು ಸುಮ್ಮನಿರಬೇಕೋ ಬೇಡವೋ? ಎಲೆ ಗರಿಗರಿಯಾಗಿ ಒಣಗಬೇಕು ಸಾರ್, ನೀರಿನ ಪಸೆ ಇರಬಾರದು, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಬಿಗಿ ಮಾಡಬೇಡಿ, ಗಾಯದ ಮೇಲೆ ಹಚ್ಚಬೇಡಿ, ಹೊಟ್ಟೆಗಂತೂ ತಗೋಬೇಡಿ ಅಂತ ಪಾಠ ಶುರುಮಾಡಿದ. ಗಿಡ ಮಾರೋನಿಗೆ ಔಷಧಿ ಏನು ಗೊತ್ತು? ಒಣಗಿಸಿದರೆ ಸತ್ವ ಎಲ್ಲಿ ಉಳಿಯುತ್ತೆ? ನಾನು ಮನೆಗೆ ಬಂದವನೇ ಸೊಪ್ಪನ್ನು ಚೆನ್ನಾಗಿ ತೊಳೆದು, ನೀರು ತೊಟ್ಟಿಕ್ಕುತ್ತಿದ್ದ ಹಾಗೇ ದೊಡ್ಡ ಗಾಜಿನ ಜಾಡಿಗೆ ತುರುಕಿ, ಮೇಲೆ ಎಣ್ಣೆ ಸುರಿದು, ಮುಚ್ಚಳವನ್ನು ಇದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿದೆ.

ಅದಕ್ಕೆ ಬಿಸಿಲು ಬೇಕು. ನಮ್ಮ ಮನೆಯಲ್ಲಿ ಬಿಸಿಲು ಬೀಳುವುದು ಒಂದೇ ಕಿಟಕಿಗೆ, ಅದು ಹೊಲಿಗೆ ಕೋಣೆಯದು.

"ಅದನ್ನ ಇಲ್ಲಿಂದ ತೆಗೀರಿ. ಬಿಳಿ ಬಟ್ಟೆ ಇದೆ" ಅಂದಳು.

"ಮುಚ್ಚಳ ಬಿಗಿಯಾಗಿದೆ ಕಣೇ. ಆನೆ ಬಂದು ತುಳಿದ್ರೂ ಒಂದು ಹನಿ ಆಚೆ ಬರಲ್ಲ."

"ಆನೆ ಬರಲ್ಲ ರೀ. ನೀವು ಬರ್ತೀರ."

ಈ ಮಾತಿಗೆ ಕಿವಿಗೊಟ್ಟಿದ್ದರೆ ನಾನು ಇವತ್ತು ನಿಮ್ಮ ಮುಂದೆ ಇದನ್ನೆಲ್ಲ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಜಾಡಿ ಕಿಟಕಿಯಲ್ಲೇ ಕೂತಿತು. ಅವಳು ಹಲ್ಲು ಕಚ್ಚಿಕೊಂಡು, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಹೊಲಿದಳು. ಒಂಬತ್ತು ದಿನಕ್ಕೆ ಹದಿನಾಲ್ಕು ಅಂಗಿ ಮುಗಿದು, ಇಸ್ತ್ರಿಯಾಗಿ, ಕಿಟಕಿಯ ಪಕ್ಕದ ಸರಳಿನಲ್ಲಿ ಸಾಲಾಗಿ ತೂಗಿದವು. ಕೈ ಮಾತ್ರ ಇನ್ನಷ್ಟು ಬಾತಿತು. ಇತ್ತ ಜಾಡಿಯಲ್ಲಿ ಗುಳ್ಳೆಗಳೇಳುತ್ತಿದ್ದವು, ಮುಚ್ಚಳ ಉಬ್ಬಿತ್ತು. ಬುದ್ಧಿ ಇದ್ದವನು ಸೊಪ್ಪು ಕೊಳೀತಿದೆ ಅನ್ನುತ್ತಿದ್ದ. ಸತ್ವ ಉಕ್ಕುತ್ತಿದೆ ಅಂದುಕೊಂಡೆ ನಾನು.

ಹತ್ತನೆಯ ದಿನ ಬೆಳಿಗ್ಗೆ ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಜಾಡಿಯನ್ನು ಮಗುವಿನಂತೆ ಎತ್ತಿಕೊಂಡೆ. ಇನ್ನು ಆ ಡಾಕ್ಟರ್ ಬೋರ್ಡು ಕಿತ್ತಿಡಬಹುದು ಅಂತ ಒಂದು ಭಾಷಣ ಬಿಗಿದು ಮುಚ್ಚಳ ತಿರುಗಿಸಿದೆ. ಡಬ್!

ಮುಚ್ಚಳ ಸೂರಿಗೆ ಹೊಡೆಯಿತು. ಅದರ ಹಿಂದೆಯೇ ಹಸಿರು ಎಣ್ಣೆ, ಕೊಳೆತ ಸೊಪ್ಪು, ಮೂಗು ಮುಚ್ಚಿಕೊಳ್ಳುವಂಥ ಗಬ್ಬುನಾತ! ನನ್ನ ಮುಖಕ್ಕೆ ಸ್ವಲ್ಪ, ಗೋಡೆಗೆ ಸ್ವಲ್ಪ, ಉಳಿದದ್ದೆಲ್ಲ ಅಂಗಿಗಳ ಮೇಲೆ. ಹದಿನಾಲ್ಕರಲ್ಲಿ ಎರಡು ಮಾತ್ರ ಬಚಾವು. ವಿಚಿತ್ರ ನೋಡಿ, ಹೆಂಡತಿಯ ಕೈಗೆ ಒಂದೇ ಒಂದು ಹನಿ ತಾಗಿರಲಿಲ್ಲ.

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಒಂದು ಅಂಗಿಯ ತೋಳನ್ನು ಹಿಡಿದುಕೊಂಡು, "ಈ ಕೈಯಲ್ಲಿ ಹೊಲಿದಿದ್ದೆ ರೀ" ಅಂದಳು. ನಾಲ್ಕು ಸಲ ಒಗೆದೆ. ಕಲೆ ಹೋಗಲಿಲ್ಲ, ನಾತವೂ ಹೋಗಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಕೊನೆಗೆ ಅವಳು ಎದ್ದು, ಹೊಲಿಗೆ ಯಂತ್ರದ ಮುಂದೆ ಕುರ್ಚಿ ಎಳೆದು, ಕೂತ್ಕೊಳ್ಳಿ ಅಂದಳು.

ಕಚೇರಿಗೆ ಹತ್ತು ದಿನ ರಜೆ ಹಾಕಿದೆ. ಸಾಹೇಬರು ಕಾರಣವನ್ನೂ ಕೇಳದೆ, ಬೇಕಾದರೆ ಇನ್ನೂ ಹತ್ತು ದಿನ ತಗೊಳ್ಳಿ ಅಂದರು. ಹೊಸ ಬಟ್ಟೆ ತಂದದ್ದು ನಾನು, ಕತ್ತರಿಸಿದ್ದು ನಾನು, ಪೆಡಲ್ ತುಳಿದದ್ದು ನಾನು. ಅವಳು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಮರದ ಸ್ಕೇಲು ಹಿಡಿದು, ನನ್ನ ಹೆಗಲ ಹಿಂದೆ ಕೂತಳು. ನನ್ನ ಮೊದಲ ಕಾಲರ್ ನೋಡಿ, ಈ ಮಗುವಿಗೆ ಕುತ್ತಿಗೆ ಎಷ್ಟು ಅಂತ ಕೇಳಿದಳು. ಬಿಚ್ಚಿ ಮತ್ತೆ ಹೊಲಿದೆ. ಅದನ್ನೂ ಬಿಚ್ಚಿಸಿದಳು. ಬೆರಳಿಗೆ ಸೂಜಿ ಚುಚ್ಚಿದ ಲೆಕ್ಕ ಬಿಟ್ಟಿದ್ದೇನೆ. ಮೂರನೆಯ ದಿನ ಸೊಂಟ ಹಿಡಿದುಕೊಂಡಿತು. ಡಾಕ್ಟರ ಹತ್ತಿರ ಹೋಗಿಬರಲೇ ಅಂತ ಮೆಲ್ಲಗೆ ಕೇಳಿದೆ.

"ರೆಸ್ಟ್ ತಗೊಳ್ಳಿ ಅಂತಾರೆ. ಅದು ನಮ್ಮನೆ ಮಂಚಕ್ಕೂ ಗೊತ್ತು. ತೋಳು ಹೊಲೀರಿ" ಅಂದಳು.

ಕಾರ್ಯಕ್ರಮದ ದಿನ ಬೆಳಿಗ್ಗೆ ಸಂಗೀತದ ಮೇಡಂ ಮಂಡಿ ನೋವಿಗೆ ಕುಂಟುತ್ತಾ ಬಂದರು. ಇಪ್ಪತ್ತೆರಡು ಕಾಲರನ್ನೂ ಬೆಳಕಿಗೆ ಹಿಡಿದು ನೋಡಿ, ಯೂನಿಫಾರ್ಮಿನ ಅಳತೆಗೆ ಯಾವಾಗ ಬರ್ತೀರಿ ಅಂತ ಕೇಳಿದರು. ಹೆಂಡತಿ ಅಂಗಿಗಳ ಗಂಟನ್ನು ಬಲಗೈಯಲ್ಲಿ ಸಲೀಸಾಗಿ ಎತ್ತಿ ಮೇಜಿನ ಮೇಲಿಟ್ಟಳು. ಬಾವಿಲ್ಲ, ಪಟ್ಟಿಯಿಲ್ಲ! ಕೈ ಉಳುಕಿದ ಸುದ್ದಿ ಕೇಳಿದ್ದ ಮೇಡಂ ಬೆರಗಾಗಿ, ಇಷ್ಟು ಬೇಗ ಹೇಗೆ ವಾಸಿಯಾಯಿತು, ಏನು ಹಚ್ಚಿದಿರಿ ಅಂದರು.

ಇಷ್ಟು ದಿನ ಬಗ್ಗಿದ್ದ ನನ್ನ ಸೊಂಟ ತಾನಾಗಿ ನೆಟ್ಟಗಾಯಿತು. "ಕಾಂಫ್ರಿ ಎಣ್ಣೆ ಮೇಡಂ. ನಾನೇ ಮಾಡಿದ್ದು" ಅಂದುಬಿಟ್ಟೆ.

"ಹೌದು ಮೇಡಂ, ಒಳ್ಳೆ ಎಣ್ಣೆ" ಅಂದಳು ಹೆಂಡತಿ, ಗಂಟು ಬಿಗಿಯುತ್ತಾ. "ಆದರೆ ನೋವಿರೋ ಕಡೆ ಹಚ್ಚಬಾರದು. ಗಂಡ ಅದನ್ನ ನಮ್ಮ ಕೆಲಸದ ಮೇಲೆ ಚೆಲ್ಲಬೇಕು. ಆಮೇಲೆ ಹತ್ತು ದಿನ ಆ ಕೆಲಸ ಅವರೇ ಮಾಡಬೇಕು. ನಿಮ್ಮನೆಯವರಿಗೂ ಒಂದು ಬಾಟಲಿ ಕೊಡಲಾ?"