ಎದುರು ಸೈಟಿನ ಆರು ಮನೆ

ಊರು ಬೆಳೆಯಬೇಕು ಎಂಬ ವಿಚಾರದಲ್ಲಿ ನನ್ನದು ಬಹಳ ಉದಾರವಾದ ನಿಲುವು. ನಮ್ಮ ಮನೆಯ ಗೃಹಪ್ರವೇಶ ಮುಗಿಯುವವರೆಗೆ ಎಷ್ಟು ಬೇಕಾದರೂ ಬೆಳೆಯಲಿ, ಆಮೇಲೆ ದಯವಿಟ್ಟು ನಿಂತುಕೊಳ್ಳಲಿ. ಎಲ್ಲರ ಮನಸ್ಸಿನಲ್ಲೂ ಇರುವುದು ಇದೇ. ಆದರೆ ಅದನ್ನು ಅರ್ಜಿಯಾಗಿ ಬರೆದು ಮನೆಮನೆಗೆ ಹಿಡಿದುಕೊಂಡು ಹೋದ ದಡ್ಡ ನಾನೊಬ್ಬನೇ.

ಚನ್ನಪಟ್ಟಣದ ಅಂಚಿನಲ್ಲಿರುವ ನಮ್ಮ ಬಡಾವಣೆ ಹಿಂದೆ ಹಿಪ್ಪುನೇರಳೆ ತೋಟವಾಗಿತ್ತು. ಅದನ್ನು ಕಿತ್ತೇ ನಮಗೆ ಸೈಟು ಕೊಟ್ಟಿದ್ದರೆಂಬುದನ್ನು ನಾನು ಅನುಕೂಲವಾಗಿ ಮರೆತಿದ್ದೆ. ಒಂದು ದಿನ ಎದುರಿನ ಜೋಡಿ ಸೈಟಿನಲ್ಲಿ ಜಲ್ಲಿ ಬಂದು ಬಿತ್ತು. ವಿಚಾರಿಸಿದರೆ, ಅಕ್ಕೂರಿನಲ್ಲಿ ರೇಷ್ಮೆಹುಳು ಸಾಕಿ ಬದುಕಿದ ಗೌರಮ್ಮ ಎಂಬ ಹೆಂಗಸು ಅಲ್ಲಿ ಬಾಡಿಗೆಗೆ ಆರು ಸಣ್ಣ ಮನೆ ಕಟ್ಟಿಸುತ್ತಾರಂತೆ. ಆರು! ನಾನು ಅಂದೇ ಕೂತು ನೀರು, ಪಾರ್ಕಿಂಗು, ಬಡಾವಣೆಯ ಘನತೆ ಎಂದೆಲ್ಲ ಸೇರಿಸಿ ಆಕ್ಷೇಪಣೆ ಬರೆದೆ. ಘನತೆ ಎಂದರೇನು ಎಂದು ನನ್ನ ಹೆಂಡತಿ ಸರೋಜ ಕೇಳಿದಳು. ಅದು ಇರುವವರಿಗೆ ತಿಳಿಯುತ್ತದೆ ಎಂದೆ. ಆಕೆ ಸಹಿ ಹಾಕಲಿಲ್ಲ. ಪಕ್ಕದ ಮನೆಯ ನಿವೃತ್ತ ಎಂಜಿನಿಯರು ಸಹಿ ಹಾಕಿ, ಪೆನ್ನು ವಾಪಸು ಕೊಡುತ್ತಾ, ಅಕಸ್ಮಾತ್ ಆ ಮನೆಗಳು ಎದ್ದುಬಿಟ್ಟರೆ ಹೊಸದಾಗಿ ಮದುವೆಯಾದ ಮಗಳಿಗೆ ಒಂದನ್ನು ಹೇಳಿಡಲು ಸಾಧ್ಯವೇ ಎಂದು ಮೆಲ್ಲಗೆ ಕೇಳಿದರು.

ನಗರಸಭೆ ಕಚೇರಿಯಲ್ಲಿ ವಿಚಾರಣೆಗೆ ಕರೆದರು. ಗೋಡೆಯ ಮೇಲೆ ಊರಿನ ದೊಡ್ಡ ನಕ್ಷೆ. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವನು ನಾನು. ನಕ್ಷೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಪೆನ್ನು ಹಿಡಿದು ಪೂರ್ತಿ ಒಂದು ಪೀರಿಯಡ್ ಪಾಠ ಮಾಡಿದೆ. ಅಧಿಕಾರಿ ಆಕಳಿಕೆ ನುಂಗಿಕೊಂಡು ಗೌರಮ್ಮನವರ ಕಡೆ ತಿರುಗಿದರು.

"ಮೇಷ್ಟ್ರು ಯೋಳೋದು ದಿಟವೇ ಸ್ವಾಮಿ," ಎಂದರು ಆಕೆ. "ಆದ್ರೆ ಆಸ್ಪತ್ರೆ ನರ್ಸಮ್ಮ ಒಬ್ಳೇ ಅವ್ಳೆ, ಕಂಡಕ್ಟ್ರು ಗಂಡ ಹೆಂಡ್ತಿ ಅವ್ರೆ. ಇಂಥೋರು ಎಲ್ಲಿರ್ಬೇಕು ಅಂತ ಆ ನಕ್ಷೇಲಿ ಒಸಿ ತೋರ್ಸ್‌ಬುಡಿ ಮೇಷ್ಟ್ರೆ. ಅಲ್ಲೇ ಕಟ್ತೀನಿ."

ನಾನು ಪೆನ್ನನ್ನು ನಮ್ಮ ಬಡಾವಣೆಯಿಂದ ದೂರ ಸರಿಸಿದೆ. ಅಲ್ಲಿ ಇನ್ನೊಂದು ಬಡಾವಣೆ. ಇನ್ನೂ ಸರಿಸಿದೆ, ಹೆದ್ದಾರಿ. ಕೊನೆಗೆ ಖಾಲಿಯಾಗಿ ಕಂಡ ಜಾಗದಲ್ಲಿ ಧೈರ್ಯವಾಗಿ ಊರಿದೆ.

"ಅದು ಕೆರೆ ಸರ್," ಎಂದರು ಅಧಿಕಾರಿ.

ಆರು ಮನೆಗಳೂ ಎದ್ದವು. ಎರಡು ವರ್ಷ ನಾನು ಆ ದಿಕ್ಕಿನ ಕಿಟಕಿ ತೆರೆಯಲಿಲ್ಲ. ಅಷ್ಟರಲ್ಲಿ ನನ್ನ ಬಲ ಮೊಣಕಾಲು ಕೈಕೊಟ್ಟಿತು. ಆಪರೇಷನ್ ಮಾಡಿದ ಡಾಕ್ಟರು ಆರು ತಿಂಗಳು ಮೆಟ್ಟಿಲು ಹತ್ತಕೂಡದು ಎಂದರು. ನಮ್ಮ ಮನೆಯಲ್ಲಿ ಮಲಗುವ ಕೋಣೆ, ಬಚ್ಚಲು ಎಲ್ಲ ಮಹಡಿ ಮೇಲೆ. ಕೆಳಗಿರುವುದು ಅಡುಗೆಮನೆ ಮತ್ತು ನೆಂಟರು ಕೂತು ಬೆರಗಾಗಲೆಂದು ಕಟ್ಟಿಸಿದ ಹಾಲು. ಸುತ್ತಮುತ್ತ ವಿಚಾರಿಸಿದರೆ ಘನತೆಯುಳ್ಳ ಮನೆಗಳೆಲ್ಲ ಹೀಗೆಯೇ. ನೆಲಮಟ್ಟದಲ್ಲಿ ಖಾಲಿಯಿದ್ದದ್ದು ಒಂದೇ ಮನೆ. ಎಲ್ಲಿ ಎಂದು ಬೇರೆ ಹೇಳಬೇಕೆ?

ಬಾಡಿಗೆ ವಸೂಲಿಗೆ ಬಂದಿದ್ದ ಗೌರಮ್ಮನವರನ್ನು ಸರೋಜ ಹೋಗಿ ಕೇಳಿದಳು. ನಾನು ವಾಕರ್ ಹಿಡಿದು ಗೇಟಿನ ಕಂಬದ ಮರೆಯಲ್ಲಿ ನಿಂತೆ. ಇಂದು ಮಂಗಳಾರತಿ ಖಂಡಿತ ಎಂದುಕೊಂಡಿದ್ದೆ. ಗೌರಮ್ಮ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ನಿಧಾನಕ್ಕೆ ಬನ್ನಿ ಮೇಷ್ಟ್ರೆ. ಹೊಸ್ಲು ಎತ್ರ ಇಲ್ಲ. ನಮ್ಮವ್ವ ಕಡೇಗಾಲದಲ್ಲಿ ಹೊಸ್ಲು ದಾಟಕ್ಕೆ ಪಟ್ಟ ಪಾಡು ನೋಡಿದ್ದೆ, ಅದ್ಕೇ ಹಿಂಗ್ ಕಟ್ಟಿಸ್ದೆ."

ತಲೆ ತಗ್ಗಿಸಿ ಒಳಗೆ ಹೋದೆ.

ಈಗ ನರ್ಸಮ್ಮ ಡ್ಯೂಟಿಗೆ ಹೋಗುವಾಗ ಮಂಡಿ ನೋಡಿ, ವ್ಯಾಯಾಮ ಮಾಡಿಲ್ಲವೆಂದು ಗದರುತ್ತಾಳೆ. ಕಂಡಕ್ಟರ ಹೆಂಡತಿ ಉಪ್ಸಾರು ತಂದುಕೊಡುತ್ತಾಳೆ. ದೊಡ್ಡ ಮನೆಯಲ್ಲಿ ಕಾಫಿ ಬೇಕಾದರೆ ಮಹಡಿಯಿಂದ ಹೆಂಡತಿಗೆ ಫೋನ್ ಮಾಡುತ್ತಿದ್ದೆ. ಇಲ್ಲಿ ಕೆಮ್ಮಿದರೆ ಸಾಕು. ಸರೋಜಳಂತೂ ಸಂಜೆಯಾದರೆ ಜಗುಲಿಯಲ್ಲಿ ಅವರೆಲ್ಲರ ನಡುವೆ ಕೂತು ಅವರೆಕಾಯಿ ಸುಲಿಯುತ್ತಾ ನನ್ನ ವಿಷಯ ಹೇಳಿ ನಗಿಸುತ್ತಿರುತ್ತಾಳೆ.

ಹೋದ ವಾರ ಡಾಕ್ಟರು ಪರೀಕ್ಷೆ ಮಾಡಿ, ಕಾಲು ಪೂರ್ತಿ ವಾಸಿಯಾಗಿದೆ, ಧಾರಾಳವಾಗಿ ಮೆಟ್ಟಿಲು ಹತ್ತಿ ಎಂದರು. ನಾನು ಕುಂಟುತ್ತಾ ಬಂದು, ಮುಖ ಸಪ್ಪಗೆ ಮಾಡಿಕೊಂಡು, ಇನ್ನೂ ಆರು ತಿಂಗಳು ಇಲ್ಲೇ ಇರಬೇಕಂತೆ ಎಂದು ಸರೋಜಳಿಗೆ ಹೇಳಿದೆ. ಗಂಡನ ಕಾಲು ವಾಸಿಯಾಗಿಲ್ಲವೆಂದು ಕೇಳಿ ಅಷ್ಟೊಂದು ಖುಷಿಪಟ್ಟ ಹೆಂಡತಿಯನ್ನು ನಾನಂತೂ ಕಂಡಿಲ್ಲ.