ಗಾದಿಯ ಮೇಲೆ ಕೂತು ಸುರಪುರ ಮುಟ್ಟಿದ್ದು

ಹೆದರಿದಾಗ ಕೆಲವರು ಓಡುತ್ತಾರೆ, ಕೆಲವರು ಕೂಗುತ್ತಾರೆ. ನಾನು ಕೂತುಬಿಡುತ್ತೇನೆ. ಒಮ್ಮೆ ನಮ್ಮ ಅಂಗಡಿಗೆ ಮಂಗ ನುಗ್ಗಿದಾಗ ಗಿರಾಕಿಗಳೆಲ್ಲ ಬೀದಿಗೆ ಓಡಿದರು. ನಾನು ಮಾತ್ರ ಗಾದಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ. ಸಾವ್ಕಾರ್ರಿಗೆ ಭಾರಿ ಧೈರ್ಯ ಎಂದು ಬಜಾರಿನಲ್ಲಿ ಹೆಸರಾಯಿತು. ಏಳಲು ಕಾಲಲ್ಲಿ ಬಲವೇ ಇರಲಿಲ್ಲ ಎಂಬುದನ್ನು ನಾನೇಕೆ ಹೇಳಲಿ? ಶಹಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಕೂರುವುದೇ ಉದ್ಯೋಗ. ನಮ್ಮೂರ ಬೆಟ್ಟವೇ ಬುದ್ಧ ಮಲಗಿದಂತೆ ಕಾಣುತ್ತದೆ, ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬೆಟ್ಟ ಮಲಗಿದರೆ ಕೀರ್ತಿ, ನಾನು ಕೂತರೆ ಬೈಗುಳ.

ಬೈಯುವುದಕ್ಕೆ ಕಾರಣವೂ ಇದೆ. ಈ ಗಾದಿಯ ಮೇಲೆ ನನಗಿಂತ ಮೊದಲು ಕೂರುತ್ತಿದ್ದವರು ನಮ್ಮ ಕಾಕಾ. ಸಕ್ಕರೆ ಕಾಯಿಲೆಯ ಮನುಷ್ಯ. ಹೆಬ್ಬೆರಳಿನ ಸಣ್ಣ ಗಾಯ ಮಾಯದೆ ಏರುತ್ತ ಏರುತ್ತ, ಕೊನೆಗೆ ಮೊಣಕಾಲ ಕೆಳಗೆ ಎಡಗಾಲನ್ನೇ ತೆಗೆಯಬೇಕಾಯಿತು. ಅವರ ಎಡಗಾಲಿನ ಚಪ್ಪಲಿ ಬಹಳ ದಿನ ಅಂಗಡಿಯ ಮೆಟ್ಟಿಲ ಮೂಲೆಯಲ್ಲೇ ಬಿದ್ದಿತ್ತು. ಎತ್ತಿ ಎಸೆಯಲು ಯಾರಿಗೂ ಮನಸ್ಸಾಗಲಿಲ್ಲ. ಹೋದ ವರ್ಷ ಡಾಕ್ಟರು ನನ್ನ ರಕ್ತದ ವರದಿ ನೋಡಿ, “ಸಕ್ರಿ ಗಡಿ ಹತ್ರ ಬಂದದ್ರಿ. ದಿನಾ ನಡೀರಿ, ಇಲ್ಲಾಂದ್ರ ದಾಟ್ತದ” ಎಂದರು. ಅಂದಿನಿಂದ ಆ ಚಪ್ಪಲಿ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಗಿರಾಕಿಗಳು ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳನ್ನು ಗಾದಿಯಿಂದಲೇ ನೋಡುತ್ತೇನೆ. ಎಲ್ಲವೂ ಜೋಡಿಯಾಗಿವೆ ಎಂದು ಖಾತ್ರಿಯಾದ ಮೇಲೆ ವ್ಯಾಪಾರ.

ಡಾಕ್ಟರ ಮಾತು ಕೇಳಿ ನಾನು ಏನು ಮಾಡಿದೆ? ಹೆದರಿದೆ, ಕೂತೆ. ಬೆಳಿಗ್ಗೆ ಹೊರಟರೆ ನಾಯಿಗಳು, ಸಂಜೆ ಹೊರಟರೆ ದೀಪವಿಲ್ಲದ ಟ್ರ್ಯಾಕ್ಟರುಗಳು. ಸುರಪುರದಲ್ಲಿ ಟೀಚರಾಗಿರುವ ಮಗಳು ಸವಿತಾ ಬಂದು ನನ್ನ ಫೋನಿಗೆ ಹೆಜ್ಜೆ ಎಣಿಸುವ ವಿದ್ಯೆ ಕಲಿಸಿಕೊಟ್ಟಳು. ಆ ಫೋನಿಗೆ ದಯೆ ದಾಕ್ಷಿಣ್ಯವಿಲ್ಲ. ಅಂಗಡಿಗೆ ಹೋದದ್ದು, ಮನೆಗೆ ಬಂದದ್ದು, ಇಷ್ಟೇ ಅದರ ಲೆಕ್ಕ. ಮಗಳು ಕನಿಕರಪಟ್ಟು ಗುರಿಯನ್ನು ಅರ್ಧಕ್ಕಿಳಿಸಿದಳು. ಆ ಅರ್ಧವೂ ನನಗೆ ಎಟುಕಲಿಲ್ಲ. “ಫೋನು ದಿನವೆಲ್ಲಾ ಗಲ್ಲಾದ ಮ್ಯಾಲಿರ್ತದ. ನಾ ಎದ್ದಿದ್ದು ಅದಕ್ಕ ಹ್ಯಾಂಗ ತಿಳೀಬೇಕು?” ಎಂದು ವಾದಿಸಿದೆ. ಮಗಳು ಮುಂದಿನ ಸಲ ಬರುವಾಗ ಕೈಗೆ ಕಟ್ಟುವ ಒಂದು ವಾಚು ತಂದಳು. ಅದೂ ಹೆಜ್ಜೆ ಎಣಿಸುತ್ತದಂತೆ.

ವಾಚು ಎಂದರೆ ವಾಚು! ಮೊದಲ ದಿನವೇ ಭೀಮರಾಯನಗುಡಿಯ ಮದುವೆ ಮನೆಯವರು ಸೀರೆ ಖರೀದಿಗೆ ಬಂದರು. ಅಜ್ಜಿಗೆ ಹಿಡಿಸಿದ್ದು ಅತ್ತೆಗೆ ಹಿಡಿಸದು, ಅತ್ತೆಗೆ ಹಿಡಿಸಿದ್ದು ಮದುಮಗಳಿಗೆ ಹಿಡಿಸದು. ಸೀರೆ ಬಿಚ್ಚಿ ಹಾಸಿದೆ, ಮಡಚಿದೆ, ಮತ್ತೆ ಬಿಚ್ಚಿದೆ. ಕುಬಸದ ಬಟ್ಟೆಯನ್ನು ಕೈ ಬೀಸಿ ಬೀಸಿ ಅಳೆದೆ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ಝುಮ್ಮೆಂದಿತು. ಏನಾಯಿತೋ ಎಂದು ನೋಡಿದರೆ, ವಾಚು ನನ್ನನ್ನು ಅಭಿನಂದಿಸುತ್ತಿದೆ! ಅಂದಿನ ಗುರಿ ಮುಟ್ಟಿದ್ದೆ. ಮದುವೆಗಳ ಲಗ್ನಸರಾಯಿ ಮುಗಿಯುವಷ್ಟರಲ್ಲಿ, ವಾಚಿನ ಹೆಜ್ಜೆಗಳನ್ನು ಹೇಗೆ ಕೂಡಿಸಿದರೂ ನಾನು ಎಷ್ಟೋ ಸಲ ಸುರಪುರಕ್ಕೆ ನಡೆದು ಹೋಗಿ ಬಂದಿದ್ದೆ. ಇಷ್ಟು ನಡೆದವನು ತಿನ್ನದಿದ್ದರೆ ಹೇಗೆ? ಗುರಿ ಮುಟ್ಟಿದ ದಿನ ಒಂದು ಶೇಂಗಾ ಹೋಳಿಗೆ. ಗುರಿ ದಾಟಿದ ದಿನ ಎರಡು, ಮೇಲೆ ತುಪ್ಪ. ಫೋನು ಮಾತ್ರ ಗಲ್ಲಾದ ಮೇಲೆ ಕೂತು ತನ್ನ ಹಳೆಯ ಚಾಡಿಯನ್ನೇ ಹೇಳುತ್ತಿತ್ತು. ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಹೆದರುವ ಮನುಷ್ಯನನ್ನು ಕೇಳಬೇಡಿ, ಹೊಗಳಿದ್ದನ್ನು ನಂಬುತ್ತಾನೆ.

ಒಂದು ಭಾನುವಾರ ಸವಿತಾ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. “ಅಪ್ಪಾ, ನೀ ಅಂಗಡ್ಯಾಗ ಎಲ್ಲಿ ನಡೀತಿ?” ಎಂದಳು. ಆಮೇಲೆ ವಾಚು ಎತ್ತಿಕೊಂಡು ಹೋಗಿ, ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯಲು ಕೂತಿದ್ದ ತಾಯಿಯ ಕೈಗೆ ಕಟ್ಟಿದಳು. ಹೆಂಡತಿ ತಪತಪ ಬಡಿದಳು, ವಾಚು ಲಗುಬಗೆಯಿಂದ ಎಣಿಸಿತು. ಬುಟ್ಟಿ ತುಂಬುವ ಮೊದಲೇ ಝುಮ್ಮೆಂದು ಅವಳನ್ನೂ ಅಭಿನಂದಿಸಿತು.

“ಕುಂತಲ್ಲೇ ಎಲ್ಲಿ ತನಕ ಬಂದ್ನೆವ್ವಾ?” ಎಂದಳು ಹೆಂಡತಿ.

“ಇನ್ನೊಂದ್ ನಾಕು ಬಡಿ, ಸುರಪುರಕ್ಕ ನಮ್ಮ ಮನಿಗೇ ಬರ್ತಿ.”

ಇಬ್ಬರೂ ನಕ್ಕರು. ನಾನೂ ನಗಲು ಬಾಯಿ ತೆರೆದೆ, ನಗು ಬರಲಿಲ್ಲ. ನಾನು ಎಲ್ಲಿಗೂ ಹೋಗಿರಲಿಲ್ಲ. ಆದರೆ ತಿಂದ ಹೋಳಿಗೆಗಳೆಲ್ಲ ನಿಜ. ಎಡಗಾಲಿನ ಹೆಬ್ಬೆರಳು ಜುಮುಜುಮು ಅಂದಂತಾಯಿತು. ಅಂದು ಊಟ ಸೇರಲಿಲ್ಲ, ನಿದ್ದೆಯೂ ಬರಲಿಲ್ಲ. ಹೆಂಡತಿ ವಾಚು ಮರಳಿ ಕೊಡಲಿಲ್ಲ. ಅವಳಿಗೆ ತನ್ನ ಹೆಜ್ಜೆಗಳ ಮೇಲೆ ಪ್ರೀತಿ ಹುಟ್ಟಿತ್ತು.

ಮರುದಿನ ರಜೆ ಹಾಕಿ ಮಗಳು ನನ್ನನ್ನು ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಕರೆದೊಯ್ದಳು. ರಕ್ತ ತೆಗೆದವನು, “ರಿಪೋರ್ಟ್ ಬರ್ಲಿಕ್ಕ ಒಂದು ತಾಸು ಬೇಕ್ರಿ, ಕುಂದುರ್ರಿ” ಎಂದ. ಕೂರುವುದರಲ್ಲಿ ನಾನು ಪಳಗಿದವನು. ಆದರೆ ಬಾಗಿಲ ಹೊರಗಿನ ಚಪ್ಪಲಿಗಳ ಕಡೆ ಕಣ್ಣು ಹೋಯಿತು. ಎಲ್ಲವೂ ಜೋಡಿ, ಒಂದನ್ನು ಬಿಟ್ಟು. ಬಲಗಾಲಿನ ಕಂದು ಚಪ್ಪಲಿ. ನಾನು ಹೊರಗೆ ಬಂದು, ಬಾಗಿ, ಮೆಟ್ಟಿಲ ಕೆಳಗೆಲ್ಲ ಅದರ ಜೋಡಿಯನ್ನು ಹುಡುಕಿದೆ. ಸಿಕ್ಕರೆ ಸಾಕಪ್ಪಾ ಎಂದು ಹರಕೆ ಹೊರುವ ಮಟ್ಟಕ್ಕೆ ಬಂದಿದ್ದೆ. ಅಷ್ಟರಲ್ಲಿ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡ ಮುದುಕರೊಬ್ಬರು ಒಳಗಿನಿಂದ ಬಂದು ಅದನ್ನು ಮೆಟ್ಟಿದರು.

“ಇನ್ನೊಂದು ಹುಡುಕಬ್ಯಾಡ್ರಿ ಸಾವ್ಕಾರ್ರ, ಇರೋದು ಇದೊಂದೇ” ಎಂದು ನಕ್ಕು, ಕೋಲೂರಿ ಹೊರಟೇಹೋದರು.

ಆಮೇಲೆ ನನಗೆ ಕೂರಲು ಆಗಲೇ ಇಲ್ಲ. ಲ್ಯಾಬಿನಿಂದ ಬೇವಿನ ಮರದವರೆಗೆ, ಮರದಿಂದ ಬಸ್ ಸ್ಟ್ಯಾಂಡಿನವರೆಗೆ, ಅಲ್ಲಿಂದ ಮತ್ತೆ ಲ್ಯಾಬಿಗೆ. ನಿಂತರೆ ಕಾಕಾನ ಚಪ್ಪಲಿ ಕಾಣುತ್ತಿತ್ತು, ಅದಕ್ಕೇ ನಿಲ್ಲಲಿಲ್ಲ. ಎರಡು ನಾಯಿಗಳು ಬೊಗಳಿದವು. ಅವುಗಳಿಗೆ ಹೆದರಲು ನನಗೆ ಪುರಸೊತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಮುಗಿಯಿತು, ಲ್ಯಾಬಿನವರ ಕರೆ ಎಂದುಕೊಂಡೆ. ತೆಗೆದು ನೋಡಿದರೆ, ಆ ನಿರ್ದಯಿ ಫೋನು ಜೀವಮಾನದಲ್ಲೇ ಮೊದಲ ಬಾರಿಗೆ ನನ್ನನ್ನು ಅಭಿನಂದಿಸಿತ್ತು.

ವರದಿ ನೋಡಿದ ಡಾಕ್ಟರು, “ಗಡಿ ದಾಟಿಲ್ರಿ. ಆದ್ರ ನಿಮ್ಮಂಗೇ ಗಡಿ ಮ್ಯಾಲೆ ಗಾದಿ ಹಾಕ್ಕೊಂಡು ಕುಂತದ. ನೀವು ಎದ್ರ ಅದೂ ಎದ್ದು ಹೋಗ್ತದ” ಎಂದರು.

ಈಗ ನಾನು ದಿನಾ ಬೆಳಿಗ್ಗೆ ನಡೆಯುತ್ತೇನೆ. ಮನೆಯಿಂದ ಲ್ಯಾಬಿನ ಬಾಗಿಲವರೆಗೆ, ಅಷ್ಟೇ. ಒಳಗೆ ಹೋಗುವುದಿಲ್ಲ. ಹೊರಗಿನ ಚಪ್ಪಲಿಗಳನ್ನು ಒಮ್ಮೆ ನೋಡುತ್ತೇನೆ, ನನ್ನ ಎರಡೂ ಪಾದಗಳನ್ನು ಒಮ್ಮೆ ನೋಡಿಕೊಳ್ಳುತ್ತೇನೆ, ಬೇಕಾದಷ್ಟು ಹೆದರಿಕೆ ತುಂಬಿಕೊಂಡು ದಾಪುಗಾಲು ಹಾಕುತ್ತ ವಾಪಸು ಬರುತ್ತೇನೆ. ಬೆವರೊರೆಸುತ್ತ ಫೋನು ತೆಗೆದು ಹೆಂಡತಿಗೆ ತೋರಿಸುತ್ತೇನೆ. ಅವಳು ಒಲೆಯ ಮುಂದೆ ಕೂತಲ್ಲಿಂದಲೇ ಹಿಟ್ಟು ಮೆತ್ತಿದ ಕೈ ಎತ್ತಿ ವಾಚು ತೋರಿಸುತ್ತಾಳೆ. ಇವತ್ತಿನವರೆಗೂ ಅವಳೇ ಮುಂದಿದ್ದಾಳೆ.